ಡಿಟಾಕ್ಸ್ ಮುಗಿದರೆ ಚಿಕಿತ್ಸೆ ಮುಗಿಯಿತೇ?

ಪ್ರಶ್ನೆ

ನನ್ನ ಅಣ್ಣ ಹತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಪ್ರತಿದಿನ ಮದ್ಯ ಸೇವಿಸುತ್ತಿದ್ದಾರೆ. ಈಚೆಗೆ ಬೆಳಿಗ್ಗೆ ಎದ್ದ ಕೂಡಲೇ ಅವರ ಕೈ ನಡುಗುತ್ತದೆ, ಮೈ ಬೆವರುತ್ತದೆ. ಸ್ವಲ್ಪ ಕುಡಿದ ಮೇಲಷ್ಟೇ ಅದು ಹತೋಟಿಗೆ ಬರುತ್ತದೆ. ಕಳೆದ ವಾರ ತಾವಾಗಿಯೇ ಅತ್ತಿಗೆಯ ಬಳಿ, ಇದನ್ನು ಬಿಡಲೇಬೇಕು ಎಂದು ಹೇಳಿಕೊಂಡಿದ್ದಾರೆ. ಮನೆಯ ಹಿರಿಯರು ಅವರನ್ನು ಒಂದು ವಾರ ಹೊರಗೆ ಬಿಡದೆ ಇರಿಸಿಕೊಂಡು ಒಮ್ಮೆಲೇ ನಿಲ್ಲಿಸಿಬಿಡೋಣ ಎನ್ನುತ್ತಾರೆ. ಬಂಧುಗಳೊಬ್ಬರು, ಊಟದಲ್ಲಿ ಗೊತ್ತಾಗದಂತೆ ಬೆರೆಸಿ ಕೊಡುವ ಮಾತ್ರೆಯೊಂದಿದೆ, ಅದು ಸಾಕು ಎನ್ನುತ್ತಾರೆ. ಒಂದು ಆಸ್ಪತ್ರೆಯಲ್ಲಿ ಹತ್ತು ದಿನಗಳ ಡಿಟಾಕ್ಸ್ (ನಿಗಾದಲ್ಲಿಟ್ಟು ದೇಹವನ್ನು ಮದ್ಯದಿಂದ ಹೊರತರುವ ಚಿಕಿತ್ಸೆ) ಮಾಡುವುದಾಗಿ ಹೇಳಿದರೆ, ಒಂದು ಪುನರ್ವಸತಿ ಕೇಂದ್ರದವರು ಮೂರು ತಿಂಗಳಾದರೂ ಬೇಕು ಎಂದಿದ್ದಾರೆ. ಇವುಗಳಲ್ಲಿ ಯಾವುದು ಸರಿ, ಮತ್ತು ಹತ್ತು ದಿನಗಳ ನಂತರ ಅವರು ಗುಣವಾದರು ಎಂದು ತಿಳಿಯಬಹುದೇ? ಅವರು ಬಿಡುವ ಮನಸ್ಸು ಮಾಡಿರುವ ಈ ಹೊತ್ತನ್ನು ನಾವು ಕಳೆದುಕೊಳ್ಳಬಾರದು ಎಂಬ ಆತಂಕದಿಂದ ಕೇಳುತ್ತಿದ್ದೇನೆ.

ಉತ್ತರ: ವ್ಯಸನ ಚಿಕಿತ್ಸೆಯಲ್ಲಿ ಕೆಲಸ ಮಾಡುವ ವೈದ್ಯೆ

ಮೊದಲಿಗೆ, ದಯವಿಟ್ಟು ಅವರನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಬೇಡಿ. ಬೆಳಗಿನ ನಡುಕವೂ ಬೆವರೂ ಕುಡಿದ ಮೇಲೆ ಕಡಿಮೆಯಾಗುತ್ತವೆ ಎಂದರೆ ಅವರ ದೇಹ ಮದ್ಯಕ್ಕೆ ಒಗ್ಗಿಹೋಗಿದೆ ಎಂದೇ ಅರ್ಥ, ಮತ್ತು ಅಂಥವರಲ್ಲಿ ಹಠಾತ್ತನೆ ನಿಲ್ಲಿಸುವುದು ಜೀವಕ್ಕೆ ಅಪಾಯವಾಗಬಹುದು. ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಪ್ರಭಾವವನ್ನು ಮದ್ಯ ಹೆಚ್ಚಿಸುತ್ತದೆ, ಉದ್ರೇಕಿಸುವ ಗ್ಲುಟಮೇಟ್‌ನ ಕೆಲಸವನ್ನು ತಡೆಯುತ್ತದೆ. ವರ್ಷಗಟ್ಟಲೆ ಹೀಗೆ ನಡೆದಾಗ ಮಿದುಳು ತನ್ನ ಉದ್ರೇಕದ ಮಟ್ಟವನ್ನು ಏರಿಸಿಕೊಂಡು ಅದಕ್ಕೆ ಹೊಂದಿಕೊಂಡಿರುತ್ತದೆ. ಮದ್ಯ ಇದ್ದಕ್ಕಿದ್ದಂತೆ ಇಲ್ಲವಾದಾಗ ಆ ಉದ್ರೇಕಕ್ಕೆ ತಡೆಯೇ ಇರುವುದಿಲ್ಲ.

ಕೊನೆಯ ಬಾರಿ ಕುಡಿದ 6ರಿಂದ 24 ಗಂಟೆಗಳೊಳಗೆ ನಡುಕ, ವಾಕರಿಕೆ, ನಿದ್ರೆ ಬಾರದಿರುವಿಕೆ, ಎದೆಬಡಿತ ಕಾಣಿಸಿಕೊಳ್ಳುತ್ತವೆ. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ 48 ಗಂಟೆಗಳೊಳಗೆ ಬರುತ್ತದೆ. ಎಲ್ಲಕ್ಕಿಂತ ಗಂಭೀರವಾದದ್ದು ಡೆಲಿರಿಯಂ ಟ್ರೆಮೆನ್ಸ್ ಎಂಬ ಸನ್ನಿಯ ಸ್ಥಿತಿ: 48ರಿಂದ 96 ಗಂಟೆಗಳ ನಡುವೆ ರೋಗಿಗೆ ದಿಕ್ಕು ಕಾಲ ತಿಳಿಯದಾಗುತ್ತದೆ, ಇಲ್ಲದ್ದು ಕಾಣಿಸುತ್ತದೆ, ಜ್ವರ ಮತ್ತು ರಕ್ತದೊತ್ತಡ ಏರುತ್ತವೆ. ಇದು ಎಲ್ಲರಿಗೂ ಬರುವುದಿಲ್ಲ. ಆದರೆ ಹಿಂದೆ ಮದ್ಯ ನಿಲ್ಲಿಸಿದಾಗ ಫಿಟ್ಸ್ ಅಥವಾ ಸನ್ನಿ ಬಂದಿದ್ದವರಿಗೆ ಮತ್ತೆ ಬರುವ ಸಂಭವ ಹೆಚ್ಚು. ಆದ್ದರಿಂದ ಅಣ್ಣನವರು ಹಿಂದೆ ಬಿಡಲು ಪ್ರಯತ್ನಿಸಿದಾಗ ಏನಾಗಿತ್ತು ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಅವರು ನಿದ್ರೆ ಮಾತ್ರೆಗಳನ್ನೂ ತೆಗೆದುಕೊಳ್ಳುತ್ತಿದ್ದರೆ ಅದನ್ನು ಖಂಡಿತ ಮರೆಮಾಚಬೇಡಿ, ಏಕೆಂದರೆ ಬೆಂಜೋಡಯಜಪೀನ್ ವರ್ಗದ ಆ ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸಿದರೂ ಫಿಟ್ಸ್ ಬರಬಹುದು.

ಆಸ್ಪತ್ರೆಯಲ್ಲಿ ಮಾಡುವುದು ಸರಳವೇ, ಆದರೆ ಬಿಡದೆ ಗಮನಿಸುತ್ತ ಮಾಡಬೇಕಾದದ್ದು. ನಡುಕ, ಬೆವರು, ಆತಂಕ ಮುಂತಾದ ಹತ್ತು ಲಕ್ಷಣಗಳಿಗೆ ಅಂಕ ಕೊಡುವ ಒಂದು ಅಳತೆಪಟ್ಟಿ ಇದ್ದು, ಅದರ ಗರಿಷ್ಠ ಅಂಕ 67. ಆ ಅಂಕವನ್ನು ನೋಡಿಕೊಂಡು ಡಯಜಪಾಮ್ ಅಥವಾ ಕ್ಲೋರ್‌ಡಯಜಪಾಕ್ಸೈಡ್‌ ಎಂಬ ಶಾಂತಗೊಳಿಸುವ ಔಷಧ ಕೊಟ್ಟು ಕೆಲವು ದಿನಗಳಲ್ಲಿ ಅದರ ಪ್ರಮಾಣವನ್ನು ಕ್ರಮವಾಗಿ ಇಳಿಸುತ್ತಾರೆ, ಯಕೃತ್ತು ಕೆಟ್ಟಿದ್ದರೆ ಲೋರಜಪಾಮ್ ಆರಿಸಿಕೊಳ್ಳುತ್ತಾರೆ. ಜೊತೆಗೆ ಥಯಮಿನ್, ಅಂದರೆ ವಿಟಮಿನ್ ಬಿ1, ಅಗತ್ಯ. ಬಹುಕಾಲ ಕುಡಿದವರಲ್ಲಿ ಇದರ ಕೊರತೆಯಿಂದ ಕಣ್ಣುಗಳ ಚಲನೆ ಕೆಟ್ಟು, ನಡಿಗೆ ತಪ್ಪಿ, ಗೊಂದಲ ಉಂಟಾಗುವ ವರ್ನಿಕೆ ಎನ್ಸೆಫಲೋಪತಿ ಬರಬಹುದು. ಸಕಾಲದಲ್ಲಿ ಚಿಕಿತ್ಸೆ ಸಿಗದಿದ್ದರೆ ನೆನಪಿನ ಶಕ್ತಿ ಶಾಶ್ವತವಾಗಿ ಹಾಳಾಗುತ್ತದೆ. ಅದಕ್ಕಾಗಿಯೇ ಥಯಮಿನ್ ಅನ್ನು ಹೆಚ್ಚಾಗಿ ಇಂಜೆಕ್ಷನ್ ಮೂಲಕ, ಗ್ಲೂಕೋಸ್ ಏರಿಸುವುದಕ್ಕೆ ಮೊದಲು ಅಥವಾ ಅದರ ಜೊತೆಯಲ್ಲೇ ಕೊಡುವುದು ವಾಡಿಕೆ.

ನಡುಕ ಸೌಮ್ಯವಾಗಿದ್ದು, ಹಿಂದೆ ಫಿಟ್ಸ್ ಬಂದಿರದೆ, ಜವಾಬ್ದಾರಿಯುತರೊಬ್ಬರು ಸದಾ ಜೊತೆಗಿದ್ದರೆ ಮನೆಯಲ್ಲಿದ್ದುಕೊಂಡೇ ವೈದ್ಯರ ನಿಗಾದಲ್ಲಿ ಡಿಟಾಕ್ಸ್ ಮಾಡುವುದೂ ಸಾಧ್ಯ. ಆ ನಿರ್ಧಾರವನ್ನು ಪರೀಕ್ಷಿಸಿದ ವೈದ್ಯರು ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ಅವರು ದಿಢೀರನೆ ನಿಲ್ಲಿಸದಿರಲಿ, ಆದರೆ ವೈದ್ಯರ ಭೇಟಿ ಈ ವಾರದಲ್ಲೇ ಆಗಲಿ.

ಉತ್ತರ: ಆಪ್ತಸಮಾಲೋಚಕ

ವೈದ್ಯರು ಮೊದಲ ವಾರದ ಬಗ್ಗೆ ಹೇಳಿದ್ದಾರೆ. ಆ ವಾರದ ನಂತರದ್ದೇ ದೊಡ್ಡ ಕೆಲಸ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಡಿಟಾಕ್ಸ್ ದೇಹವನ್ನು ಸುರಕ್ಷಿತವಾಗಿ ಮದ್ಯದಿಂದ ಹೊರತರುತ್ತದೆ, ಅಷ್ಟೇ. ಸಂಜೆಯಾದಾಗ ಏಳುವ ಬಯಕೆ, ಜಗಳವಾದ ಕೂಡಲೇ ಬಾಟಲಿಯತ್ತ ತಿರುಗುವ ಅಭ್ಯಾಸ, ಕುಡಿತವನ್ನೇ ನಡುವಿಟ್ಟುಕೊಂಡು ಬೆಳೆದ ಗೆಳೆತನಗಳು, ಇವು ಯಾವುವೂ ಹತ್ತು ದಿನಗಳಲ್ಲಿ ಬದಲಾಗುವುದಿಲ್ಲ. ಹಾಗಾಗಿ ಆಸ್ಪತ್ರೆಯವರೂ ಕೇಂದ್ರದವರೂ ಹೇಳಿದ್ದು ಒಂದಕ್ಕೊಂದು ವಿರುದ್ಧವಲ್ಲ. ಒಂದು ಮೊದಲ ಹಂತ, ಇನ್ನೊಂದು ಮುಂದಿನ ಹಂತ. ವಸತಿ ಸಹಿತ ಚಿಕಿತ್ಸೆ ಎಲ್ಲರಿಗೂ ಬೇಕೆಂದಿಲ್ಲ. ಕೆಲಸವೂ ಕುಟುಂಬದ ಆಸರೆಯೂ ಇರುವವರು ವಾರಕ್ಕೊಮ್ಮೆಯೋ ಎರಡು ಬಾರಿಯೋ ಬಂದು ಹೋಗುವ ಹೊರರೋಗಿ ಚಿಕಿತ್ಸೆಯಲ್ಲೂ ಚೇತರಿಸಿಕೊಳ್ಳುತ್ತಾರೆ. ಮನೆಯ ಸುತ್ತಲಿನ ವಾತಾವರಣವೇ ಕುಡಿತಕ್ಕೆ ಎಳೆಯುವಂತಿದ್ದರೆ ಕೆಲವು ತಿಂಗಳು ದೂರವಿರುವುದು ಮೇಲು. ಎರಡರಲ್ಲಿ ಯಾವುದಾದರೂ ಸರಿ, ಚಿಕಿತ್ಸೆಯ ಸಂಪರ್ಕ ಮೂರು ತಿಂಗಳಿಗಿಂತ ಮೊದಲೇ ಕಡಿದುಹೋಗದಂತೆ ನೋಡಿಕೊಳ್ಳಿ.

ಬಯಕೆಯನ್ನು ತಗ್ಗಿಸುವ ಔಷಧಗಳೂ ಇವೆ. ನಾಲ್ಟ್ರೆಕ್ಸೋನ್ ಕುಡಿತದಿಂದ ಸಿಗುವ ಸುಖವನ್ನು ಮಂಕಾಗಿಸುತ್ತದೆ. ಅಕಾಂಪ್ರೊಸೇಟ್ ಈಗಾಗಲೇ ನಿಲ್ಲಿಸಿದವರು ಹಾಗೆಯೇ ಮುಂದುವರಿಯಲು ನೆರವಾಗುತ್ತದೆ. ಮೊದಲನೆಯದಕ್ಕೆ ಯಕೃತ್ತಿನ, ಎರಡನೆಯದಕ್ಕೆ ಮೂತ್ರಪಿಂಡದ ಸ್ಥಿತಿಯನ್ನು ಪರೀಕ್ಷಿಸಿಕೊಳ್ಳಬೇಕು.

ನಿಮ್ಮ ಬಂಧುಗಳು ಹೇಳಿದ ಮಾತ್ರೆ ಬಹುಶಃ ಡೈಸಲ್ಫಿರಾಂ ಇರಬೇಕು. 1940ರ ದಶಕದಲ್ಲಿ ಡೆನ್ಮಾರ್ಕಿನ ಸಂಶೋಧಕರು ಇದರ ಗುಣವನ್ನು ಕಂಡುಕೊಂಡರು: ದೇಹದಲ್ಲಿ ಮದ್ಯ ಕರಗುವ ದಾರಿಯನ್ನು ಇದು ನಡುವೆಯೇ ತಡೆಯುವುದರಿಂದ ಅಸಿಟಾಲ್ಡಿಹೈಡ್ ಎಂಬ ವಸ್ತು ಶೇಖರವಾಗಿ, ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ತಿಳಿದು, ಒಪ್ಪಿ ತೆಗೆದುಕೊಳ್ಳುವವನಿಗೆ ಇದು ಒಂದು ಕಾವಲು. ತಿಳಿಯದೆ ನುಂಗಿದವನು ಎಂದಿನಂತೆ ಕುಡಿದಾಗ ಹೃದಯಕ್ಕೆ ಆಘಾತವಾಗಿ ಪ್ರಾಣವೇ ಹೋಗಬಹುದು, ಮತ್ತು ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರಗಳವರೆಗೆ ಅದರ ಪರಿಣಾಮ ಇರಬಹುದು. ಗುಟ್ಟಾಗಿ ಕೊಡುವುದನ್ನು ನಾನು ಯಾವ ಕಾರಣಕ್ಕೂ ಚಿಕಿತ್ಸೆ ಎಂದು ಒಪ್ಪಲಾರೆ. ತಾವಾಗಿಯೇ ಬಿಡುತ್ತೇನೆ ಎಂದ ಮನುಷ್ಯನಿಗೆ ಹಾಗೆ ಮಾಡಿದರೆ, ಅವರು ಮನೆಯವರಲ್ಲಿ ಇಟ್ಟಿರುವ ನಂಬಿಕೆಯೂ ಹೋಗುತ್ತದೆ.

ಉತ್ತರ: ಚೇತರಿಕೆಯ ಹಾದಿಯಲ್ಲಿರುವ ಒಬ್ಬರು

ನಾನು ಕುಡಿತ ಬಿಟ್ಟು ಬದುಕುತ್ತಿರುವವನು. ಕೇಂದ್ರವನ್ನು ಆರಿಸುವ ಬಗ್ಗೆ ಮಾತ್ರ ಹೇಳುತ್ತೇನೆ. ನನ್ನನ್ನು ಮೊದಲು ಸೇರಿಸಿದ್ದ ಕಡೆ ವೈದ್ಯರೇ ಇರಲಿಲ್ಲ, ಎದುರು ಮಾತಾಡಿದವರಿಗೆ ಏಟು ಬೀಳುತ್ತಿತ್ತು, ಮನೆಯವರ ಜೊತೆ ಮಾತಾಡಲು ಬಿಡುತ್ತಿರಲಿಲ್ಲ. ಅಲ್ಲಿಂದ ಹೊರಬಂದಾಗ ನನ್ನಲ್ಲಿದ್ದದ್ದು ಸಿಟ್ಟು ಮಾತ್ರ, ಮತ್ತು ಆ ಸಿಟ್ಟಿನಲ್ಲೇ ಮತ್ತೆ ಕುಡಿದೆ. ಆದ್ದರಿಂದ ಸೇರಿಸುವ ಮೊದಲು ನೀವೇ ಒಳಗೆ ಹೋಗಿ ನೋಡಿ. ರಾತ್ರಿ ಹೊತ್ತು ಯಾರು ಇರುತ್ತಾರೆ, ಫಿಟ್ಸ್ ಬಂದರೆ ಎಲ್ಲಿಗೆ ಕರೆದೊಯ್ಯುತ್ತಾರೆ, ಸರ್ಕಾರದ ನೋಂದಣಿ ಇದೆಯೇ, ಕುಟುಂಬದವರು ಯಾವಾಗ ಭೇಟಿಯಾಗಬಹುದು, ಬಿಡುಗಡೆಯ ನಂತರ ಯಾರು ಸಂಪರ್ಕದಲ್ಲಿರುತ್ತಾರೆ ಎಂದು ಕೇಳಿ. ನೂರಕ್ಕೆ ನೂರು ಗ್ಯಾರಂಟಿ ಎನ್ನುವವರನ್ನು ನಂಬಬೇಡಿ.

ನನಗೆ ಆಸರೆಯಾದದ್ದು ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರನ್ನೊಬ್ಬರು ಹಿಡಿದೆತ್ತಿಕೊಂಡದ್ದರಿಂದ ಹುಟ್ಟಿದ ಈ ಕೂಟಕ್ಕೆ ಶುಲ್ಕವಿಲ್ಲ, ಹೆಸರು ಹೇಳಬೇಕೆಂದೂ ಇಲ್ಲ. ಮನೆಯವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ. ನಿಮ್ಮ ಅತ್ತಿಗೆಯವರು ಅಲ್ಲಿಗೆ ಹೋಗಲಿ, ಅವರೂ ಇಷ್ಟು ವರ್ಷ ಒಳಗೊಳಗೇ ಸವೆದಿದ್ದಾರೆ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ನಾಡಿದ್ದು ವೈದ್ಯರ ಭೇಟಿಗೆ ಸಮಯ ಪಡೆದಿದ್ದೇವೆ, ಮಾತ್ರೆಯ ವಿಚಾರವನ್ನು ಕೈಬಿಟ್ಟಿದ್ದೇವೆ. ಇನ್ನೊಂದು ಮಾತು: ಅಣ್ಣನವರ ಸ್ನೇಹಿತರ ಮಗ ಹೆರಾಯಿನ್ ಸೇವಿಸುತ್ತಿದ್ದು, ಅವನನ್ನೂ ಜೊತೆಯಲ್ಲೇ ಡಿಟಾಕ್ಸ್‌ಗೆ ಸೇರಿಸಬಹುದೇ ಎಂದು ಅವರು ಕೇಳುತ್ತಿದ್ದಾರೆ. ಅದಕ್ಕೂ ಇದೇ ಕ್ರಮವೇ?

ಉತ್ತರ: ಮೇಲಿನ ವೈದ್ಯೆ

ಕ್ರಮ ಬೇರೆ, ಮತ್ತು ಅಪಾಯವಿರುವ ಜಾಗವೂ ಬೇರೆ. ಮದ್ಯದಲ್ಲಿ ನಿಲ್ಲಿಸಿದ ಮೊದಲ ದಿನಗಳು ಅಪಾಯಕಾರಿ. ಹೆರಾಯಿನ್‌ನಂಥ ಓಪಿಯಾಯ್ಡ್‌ಗಳಲ್ಲಿ, ಅಂದರೆ ಅಫೀಮಿನ ಬಗೆಯ ಮಾದಕಗಳಲ್ಲಿ, ಆ ದಿನಗಳು ಮೈಕೈ ನೋವು, ಭೇದಿ, ವಾಂತಿ, ತಡೆಯಲಾರದ ಚಡಪಡಿಕೆಯಿಂದ ಬಹಳ ಕಷ್ಟವಾಗಿದ್ದರೂ, ದೇಹದ ನೀರಿನಂಶ ಕಾಯ್ದುಕೊಂಡರೆ ಪ್ರಾಣಾಪಾಯ ಅಪರೂಪ. ನಿಜವಾದ ಅಪಾಯ ಡಿಟಾಕ್ಸ್ ಮುಗಿದ ಮೇಲೆ ಎದುರಾಗುತ್ತದೆ. ಕೆಲವು ವಾರ ನಿಲ್ಲಿಸಿದ ದೇಹ ಹಿಂದಿನ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಮನೆಗೆ ಮರಳಿದ ಯುವಕ ಒಂದು ದಿನ ಮನಸೋತು ಹಿಂದಿನಷ್ಟೇ ತೆಗೆದುಕೊಂಡರೆ ಉಸಿರಾಟ ನಿಂತುಹೋಗುತ್ತದೆ. ಆದ್ದರಿಂದ ಓಪಿಯಾಯ್ಡ್ ವ್ಯಸನಕ್ಕೆ ಬರಿಯ ಡಿಟಾಕ್ಸ್ ಮಾಡಿ ಕಳುಹಿಸುವುದನ್ನು ನಾನು ಸಲಹೆ ಮಾಡುವುದಿಲ್ಲ.

ಇದಕ್ಕೆ ಬೂಪ್ರೆನಾರ್ಫಿನ್ ಅಥವಾ ಮೆಥಡೋನ್ ಎಂಬ ಔಷಧಗಳನ್ನು ತಿಂಗಳುಗಟ್ಟಲೆ, ಅಗತ್ಯವಿದ್ದರೆ ವರ್ಷಗಟ್ಟಲೆ ಕೊಡುತ್ತಾರೆ. ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಒಂದು ನಶೆಯನ್ನು ಬಿಡಿಸಿ ಇನ್ನೊಂದನ್ನು ಹಿಡಿಸುತ್ತಾರೆ ಎಂಬ ಆಕ್ಷೇಪವನ್ನು ಹೆತ್ತವರಿಂದ ಮೇಲಿಂದ ಮೇಲೆ ಕೇಳುತ್ತೇನೆ. ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಇವು ಅಮಲೇರಿಸುವುದಿಲ್ಲ, ಬಯಕೆಯನ್ನೂ ಸಂಕಟವನ್ನೂ ಹಿಡಿದಿಟ್ಟು, ಆ ಹುಡುಗ ಎದ್ದು ಕೆಲಸಕ್ಕೆ ಹೋಗುವಂತೆ ಮಾಡುತ್ತವೆ, ಸಾವಿನ ಸಂಭವವನ್ನು ಗಣನೀಯವಾಗಿ ಇಳಿಸುತ್ತವೆ. ಮಧುಮೇಹಿಗೆ ಇನ್ಸುಲಿನ್ ಮುಂದುವರಿಸಿದಂತೆಯೇ ಇದನ್ನೂ ನೋಡಿ ಎಂದು ಅವರಿಗೆ ಹೇಳುತ್ತೇನೆ. ಬೂಪ್ರೆನಾರ್ಫಿನ್ ಆರಂಭಿಸುವ ಮೊದಲು ಹೆರಾಯಿನ್ ನಿಲ್ಲಿಸಿ ಸಾಮಾನ್ಯವಾಗಿ 12 ಗಂಟೆಗಳಾದರೂ ಕಳೆದು ಲಕ್ಷಣಗಳು ಕಾಣಿಸಿಕೊಂಡಿರಬೇಕು. ಮೊದಲೇ ಕೊಟ್ಟರೆ ಸಂಕಟ ಒಮ್ಮೆಲೇ ಉಲ್ಬಣಿಸುತ್ತದೆ. ಹಾಗಾಗಿ ಯಾರಿಂದಲೋ ಮಾತ್ರೆ ತಂದು ಮನೆಯಲ್ಲಿ ಪ್ರಯೋಗಿಸಬಾರದು.

ಆ ಮನೆಯವರು ನಾಲೊಕ್ಸೋನ್ ಬಗ್ಗೆಯೂ ತಮ್ಮ ವೈದ್ಯರನ್ನು ಕೇಳಲಿ. ಮೂಗಿಗೆ ಸಿಂಪಡಿಸುವ ಅಥವಾ ಚುಚ್ಚುಮದ್ದಿನ ರೂಪದ ಇದು ಓಪಿಯಾಯ್ಡ್ ಅತಿಯಾಗಿ ಉಸಿರು ನಿಲ್ಲುತ್ತಿರುವಾಗ ಅದರ ಪರಿಣಾಮವನ್ನು ತಿರುಗಿಸುತ್ತದೆ. ಎಬ್ಬಿಸಿದರೂ ಏಳದಿದ್ದರೆ, ತುಟಿ ನೀಲಿಗಟ್ಟಿದ್ದರೆ, ಉಸಿರು ನಿಧಾನವಾಗಿ ಗೊರಗೊರ ಎನ್ನುತ್ತಿದ್ದರೆ ಕೂಡಲೇ ಆಂಬುಲೆನ್ಸ್‌ಗೆ ಕರೆ ಮಾಡಿ ಅದನ್ನು ಕೊಡಬೇಕು. ಅದರ ಪ್ರಭಾವ 30ರಿಂದ 90 ನಿಮಿಷಗಳಲ್ಲಿ ಇಳಿಯುವುದರಿಂದ ಎಚ್ಚರವಾದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ಅಣ್ಣನವರ ವಿಷಯದಲ್ಲಿ ಇನ್ನೊಂದು ಸಿದ್ಧತೆ. ಚಿಕಿತ್ಸೆ ಪಡೆದವರಲ್ಲಿ ಶೇ. 40ರಿಂದ 60ರಷ್ಟು ಮಂದಿಗೆ ವ್ಯಸನ ಮರುಕಳಿಸುತ್ತದೆ ಎಂಬ ಅಂದಾಜಿದ್ದು, ಇದು ಅಸ್ತಮಾ, ರಕ್ತದೊತ್ತಡದಂಥ ದೀರ್ಘಕಾಲದ ಕಾಯಿಲೆಗಳಿಗೆ ಹೋಲುವ ಪ್ರಮಾಣ. ಹಾಗಾದಲ್ಲಿ ಯಾರಿಗೆ ಕರೆ ಮಾಡಬೇಕು, ಯಾವ ವೈದ್ಯರನ್ನು ಕಾಣಬೇಕು ಎಂಬುದನ್ನು ಅವರು ಆಸ್ಪತ್ರೆಯಿಂದ ಹೊರಡುವ ಮೊದಲೇ ಅವರ ಜೊತೆ ಕುಳಿತು ಬರೆದಿಟ್ಟುಕೊಳ್ಳಿ. ನಾಡಿದ್ದಿನ ಭೇಟಿಗೆ ಹೋಗುವಾಗ ಅವರು ದಿನಕ್ಕೆ ಎಷ್ಟು, ಏನು ಕುಡಿಯುತ್ತಾರೆ, ಕೊನೆಯ ಬಾರಿ ಕುಡಿದದ್ದು ಯಾವಾಗ ಎಂಬ ವಿವರವನ್ನೂ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಜೊತೆಯಲ್ಲಿ ಒಯ್ಯಿರಿ.