ಸಹಾಯ ಬೇಕು: ಲಾಂಗೆ ದ್ರಾಕ್ಷಿ ಗುಡ್ಡಗಳಲ್ಲಿ ವಾಹನ ಕಡಿಮೆಯಿರುವ ಸೈಕಲ್ ದಾರಿ

ಅಕ್ಟೋಬರ್‌ನಲ್ಲಿ ಇಟಲಿಯ ಆಲ್ಬಾದಿಂದ ಹೊರಟು ಅಲ್ಲಿಗೇ ಮರಳುವ ಒಂದು ದಿನದ ರೋಡ್ ಬೈಕ್ ಸುತ್ತಿಗೆ ದಾರಿ ಗುರುತಿಸುತ್ತಿದ್ದೇವೆ. ಈಗಿರುವುದು: ರೊಡ್ಡಿ, ವೆರ್ದೂನೊ, ಲಾ ಮೋರಾ, ಬರೋಲೊ, ನೊವೆಲ್ಲೊ, ಮೊನ್‌ಫೋರ್ತೆ, ಸೆರಾಲುಂಗಾ. ಆಲ್ಬಾ ಸುಮಾರು 170 ಮೀಟರ್ ಎತ್ತರದಲ್ಲಿದೆ, ಲಾ ಮೋರಾ 500 ದಾಟುತ್ತದೆ. ಪ್ರತಿ ಊರೂ ಗುಡ್ಡದ ನೆತ್ತಿಯಲ್ಲೋ ಪಕ್ಕದಲ್ಲೋ ಇರುವುದರಿಂದ ಇಳಿದಿದ್ದನ್ನೆಲ್ಲ ಮತ್ತೆ ಹತ್ತಬೇಕು. ಒಟ್ಟು ಏರು ಸಾವಿರ ಮೀಟರ್‌ಗೆ ಕಡಿಮೆಯಾಗದು. ಅತಿ ಹಗುರ ಗೇರ್ ಮುಂದೆ 34 ಹಲ್ಲು, ಹಿಂದೆ 32 ಹಲ್ಲು. ಟೈರ್ 28 ಮಿ.ಮೀ.

ತೊಡಕಿರುವುದು ಸೆರಾಲುಂಗಾದಿಂದ ವಾಪಸು ಬರುವಲ್ಲಿ. ಗಾಲ್ಲೊ ಮೂಲಕ ಕಣಿವೆಯ ರಸ್ತೆ ಸಪಾಟು, ಆದರೆ ಲಾರಿ ಮತ್ತು ಕಾರುಗಳ ಕಾಟ. ಆಲ್ಬಾದ ಟ್ರಫಲ್ (ನೆಲದಡಿ ಬೆಳೆಯುವ ದುಬಾರಿ ಅಣಬೆ) ಮೇಳದ ವಾರಾಂತ್ಯಗಳಲ್ಲಂತೂ ಅತ್ತ ಹೋಗದಿರುವುದೇ ಸರಿ. ಬದಲಿಗೆ ಸಿನಿಯೊ, ಮೊಂತೆಲುಪೊ ಆಲ್ಬೆಸೆ, ದಿಯಾನೊ ದಾಲ್ಬಾ ಮೂಲಕ ಗುಡ್ಡದ ಏಣಿನ ಮೇಲೆ ಬರುವ ಆಲೋಚನೆಯಿದೆ.

ಟುರಿನ್, ಮಿಲಾನ್ ಕಡೆಯ ಕನ್ನಡಿಗರಲ್ಲಿ ಯಾರಾದರೂ ಇಲ್ಲಿ ಸೈಕಲ್ ತುಳಿದಿದ್ದರೆ ತಿಳಿಸಿ:

ಸಿನಿಯೊದಿಂದ ಮೇಲಕ್ಕೆ 10%ಗಿಂತ ಕಡಿದಾದ ಏರು ಎಷ್ಟು ಉದ್ದ? ಡಾಂಬರು ಪೂರ್ತಿ ಇದೆಯೇ? ನೆಬ್ಬಿಯೋಲೊ ದ್ರಾಕ್ಷಿಯ ಕೊಯ್ಲಿನಲ್ಲಿ ಟ್ರ್ಯಾಕ್ಟರ್ ಚಕ್ರದ ಜೇಡಿಮಣ್ಣು ತಿರುವುಗಳಲ್ಲಿ ಬೀಳುತ್ತದೆ, ಮಂಜಿಗೆ ನೆನೆದರೆ ಮುಂದಿನ ಚಕ್ರ ಜಾರುತ್ತದೆ. ಹಾಗಾಗಿ ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಟರೆ ಒಳ್ಳೆಯದು? ಮೊನ್‌ಫೋರ್ತೆ ದಾಟಿದ ಮೇಲೆ ಕುಡಿಯುವ ನೀರಿನ ನಲ್ಲಿ ಎಲ್ಲಿದೆ? ದಾರಿಯ ಜಿಪಿಎಕ್ಸ್ ಫೈಲ್ (ಜಿಪಿಎಸ್‌ಗೆ ಹಾಕುವ ದಾರಿ ದಾಖಲೆ) ಇದ್ದರೆ ದಯವಿಟ್ಟು ಹಾಕಿ.