ನ್ಯಾನೋ ಕಣಗಳ ‘ಡಿಸ್ಪರ್ಶನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಬಿ.ಎಸ್ಸಿ ಹುಡುಗರಿಗಾಗಿ ನ್ಯಾನೋ ಕಣಗಳ ಬಗ್ಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ‘ಡಿಸ್ಪರ್ಶನ್’ ಅನ್ನುವ ಪದ, ಅಂದರೆ ಕಣಗಳು ದ್ರವದಲ್ಲೋ ಪ್ಲಾಸ್ಟಿಕ್‌ನಲ್ಲೋ ಗಂಟು ಕಟ್ಟದೆ ಹರಡಿರುವುದು, ಸಾಲುಸಾಲಿಗೂ ಅಡ್ಡ ಬರುತ್ತಿದೆ. ‘ಪ್ರಸರಣ’ ಅಂತ ಬರೆದರೆ ಪತ್ರಿಕೆಯ ಪ್ರಸರಣ ನೆನಪಾಗುತ್ತದೆ. ‘ಚದುರುವಿಕೆ’ ಚೆನ್ನಾಗಿದೆ, ಆದರೆ ಶಾಲೆಯ ಪುಸ್ತಕದಲ್ಲಿ ಅದನ್ನು ಬೆಳಕಿನ ಸ್ಕ್ಯಾಟರಿಂಗ್‌ಗೆ ಕೊಟ್ಟಾಗಿದೆ. ‘ಕರಗುವುದು’ ಅಂತೂ ತಪ್ಪೇ. ಸಿಲಿಕಾ (ಮರಳಿನಲ್ಲಿರುವ ವಸ್ತು) ಕಣ ಎಣ್ಣೆಯಲ್ಲಿ ಕರಗುವುದಿಲ್ಲ, ಕಣವಾಗಿಯೇ ಉಳಿಯುತ್ತದೆ, ಪಕ್ಕದ ಕಣಕ್ಕೆ ಅಂಟದೆ ಬೇರೆಯಾಗಿ ನಿಂತಿರುತ್ತದೆ ಅಷ್ಟೇ.

ನನ್ನ ತಕರಾರು ಇಲ್ಲೇ. ಚದುರು, ಹರಡು ಎಲ್ಲ ಚಲನೆಯ ಮಾತು. ಕೆಮಿಸ್ಟ್ರಿಯವರಿಗೆ ಕಣ ಹರಡಿದ್ದು ಮುಖ್ಯವಲ್ಲ, ಹರಡಿದ ಮೇಲೆ ಮತ್ತೆ ಗಂಟು ಕಟ್ಟದೆ ಇರುವುದು ಮುಖ್ಯ. ಈ ಕಣಗಳ ಗಾತ್ರ 1ರಿಂದ 100 ನ್ಯಾನೋಮೀಟರ್. 10 ನ್ಯಾನೋಮೀಟರ್ ಅಗಲದ ಸಿಲಿಕಾ ಕಣಗಳನ್ನು ಒಂದು ಗ್ರಾಂ ತಗೊಂಡರೆ ಅವುಗಳ ಒಟ್ಟು ಮೇಲ್ಮೈ ಸುಮಾರು 270 ಚದರ ಮೀಟರ್ ಆಗುತ್ತದೆ, ಲೆಕ್ಕ ಹಾಕಿ ನೋಡಿ. ಇಷ್ಟು ಮೇಲ್ಮೈ ಇದ್ದರೆ ಒಂದನ್ನೊಂದು ಎಳೆದುಕೊಳ್ಳುವುದೂ ಜಾಸ್ತಿ. ಸಾಲದ್ದಕ್ಕೆ ಸಿಲಿಕಾದ ಮೈಮೇಲೆ ನೀರನ್ನು ಇಷ್ಟಪಡುವ ಹೈಡ್ರಾಕ್ಸಿಲ್ ಗುಂಪುಗಳು ಇರುತ್ತವೆ, ಹಾಗಾಗಿ ರಬ್ಬರಿಗೋ ಪ್ಲಾಸ್ಟಿಕ್‌ಗೋ ಸೇರಿಸಿದರೆ ಅದರ ಜೊತೆ ಬೆರೆಯುವ ಬದಲು ತಮ್ಮತಮ್ಮಲ್ಲೇ ಅಂಟಿಕೊಳ್ಳುತ್ತವೆ. ಅದಕ್ಕೇ ಸಿಲೇನ್ ಅನ್ನುವ ಸಿಲಿಕಾನ್ ಸಂಯುಕ್ತ ಹಾಕುತ್ತಾರೆ. ಅದರ ಒಂದು ತುದಿ ಸಿಲಿಕಾಗೆ ರಾಸಾಯನಿಕವಾಗಿ ಕಟ್ಟಿಕೊಳ್ಳುತ್ತದೆ, ಇನ್ನೊಂದು ತುದಿ ಪ್ಲಾಸ್ಟಿಕ್‌ಗೆ ಹೊಂದುತ್ತದೆ.

ಇನ್ನೊಂದು ಉದಾಹರಣೆಯನ್ನೂ ಟಿಪ್ಪಣಿಯಲ್ಲಿ ಹಾಕಿದ್ದೇನೆ. 1963ರಲ್ಲಿ ನಾಸಾದ ಸ್ಟೀವ್ ಪಾಪೆಲ್ ಮ್ಯಾಗ್ನಟೈಟ್ ಅನ್ನುವ ಕಪ್ಪು ಕಬ್ಬಿಣದ ಅದಿರಿನ ಪುಡಿಯನ್ನು ಓಲಿಯಿಕ್ ಆಮ್ಲದ (ಎಣ್ಣೆಗಳಲ್ಲಿರುವ ಒಂದು ಕೊಬ್ಬಿನಾಮ್ಲ) ಜೊತೆ ನುಣ್ಣಗೆ ಅರೆದು, ಆಯಸ್ಕಾಂತಕ್ಕೆ ಎಳೆಯಲ್ಪಡುವ ದ್ರವ ಮಾಡಿದರು. ತೂಕವಿಲ್ಲದ ಕಡೆ ರಾಕೆಟ್ ಇಂಧನವನ್ನು ಪಂಪಿನ ಬಾಯಿಗೆ ತರುವುದು ಉದ್ದೇಶ. ಆಮ್ಲದ ತಲೆ ಕಣವನ್ನು ಹಿಡಿಯುತ್ತದೆ, ಉದ್ದ ಬಾಲ ಹೊರಕ್ಕೆ ಚಾಚುತ್ತದೆ, ಬಾಲಗಳು ತಡೆಯುವುದರಿಂದ ಕಣಗಳು ಹತ್ತಿರ ಬರುವುದಿಲ್ಲ.

ಈ ‘ಬೇರೆಬೇರೆಯಾಗಿ ನಿಲ್ಲುವುದು’ ಅನ್ನೋದಕ್ಕೆ ನನಗೆ ಹೊಳೆದದ್ದು ‘ಬಿಡಿ’. ಆದರೆ ಕ್ರಿಯಾಪದ ‘ಬಿಡಿಸು’ ಅಂದ ಕೂಡಲೇ ನಮ್ಮ ಕಡೆ ಹತ್ತಿ ಬಿಡಿಸುವುದೇ ಕಣ್ಣಿಗೆ ಬರುತ್ತದೆ, ಚಿತ್ರ ಬಿಡಿಸುವುದು, ಲೆಕ್ಕ ಬಿಡಿಸುವುದು ಬೇರೆ. ‘ಬಿಡಿಹರವು’ ಅಂತ ಮಾಡಿದರೆ ಹೇಗೆ? ಕಾಳು, ಮೆಣಸಿನಕಾಯಿ ಹರವುವುದು ಗೊತ್ತಿರುವವರಿಗೆ ಅರ್ಥ ಸಿಗುತ್ತದೆ. ಬೆಂಗಳೂರಿನವರಿಗೆ ಸಿಗುತ್ತಾ?

ಹೀಗೆ ಸಿಲೇನ್, ಆಮ್ಲ ಹಾಕಿ ಕಣದ ಮೈ ಬದಲಿಸುವ ‘ಸರ್ಫೇಸ್ ಮಾಡಿಫಿಕೇಶನ್’ಗೆ ‘ಮೇಲ್ಮೈ ಮಾರ್ಪಾಡು’ ಸಾಕು, ಅದರಲ್ಲಿ ಗೊಂದಲವಿಲ್ಲ. ‘ಲೇಪನ’ ಬೇಡ ಅನ್ನುತ್ತೇನೆ, ಸಿಲೇನ್ ಬಳಿದದ್ದಲ್ಲ, ಬೆಸೆದದ್ದು. ಕಣದ ಮೈಗೆ ಪಾಲಿಮರ್ ಸರಪಳಿ (ಪ್ಲಾಸ್ಟಿಕ್, ರಬ್ಬರಿನಲ್ಲಿರುವಂಥ ಉದ್ದ ಅಣು) ಕಟ್ಟುವ ‘ಗ್ರಾಫ್ಟಿಂಗ್’ಗೆ ‘ಕಸಿ’ ಇದೆಯಲ್ಲ, ರೈತರ ಪದ, ನನಗೆ ತುಂಬಾ ಹಿಡಿಸಿದೆ. ತೊಡಕು ಏನೆಂದರೆ ಇದರಲ್ಲಿ ಎರಡು ಬಗೆ. ತಯಾರಾದ ಸರಪಳಿಯನ್ನು ತಂದು ಕಣಕ್ಕೆ ಕಟ್ಟುವುದು ಒಂದು, ಕಣದ ಮೈಯಿಂದಲೇ ಸರಪಳಿ ಬೆಳೆಸುವುದು ಇನ್ನೊಂದು. ಮೊದಲನೆಯದು ನಿಜವಾದ ಕಸಿ. ಎರಡನೆಯದನ್ನು ಕಸಿ ಅಂದರೆ ಮಾವಿನ ತೋಟದವರು ನಗುತ್ತಾರೆ. ‘ಚಿಗುರಿಸುವುದು’ ಅನ್ನಬಹುದೇನೋ.

ಕೊನೆಯದು, ಇದಕ್ಕೆ ಉತ್ತರ ಬೇಗ ಬೇಕು. ಸಡಿಲವಾಗಿ ಅಂಟಿಕೊಂಡ ಗುಂಪಿಗೆ ‘ಅಗ್ಲಾಮರೇಟ್’, ಒಂದಕ್ಕೊಂದು ಬೆಸೆದುಹೋದದ್ದಕ್ಕೆ ‘ಅಗ್ರಿಗೇಟ್’ ಅನ್ನುತ್ತಾರೆ. ಮೊದಲನೆಯದನ್ನು ಅಲ್ಟ್ರಾಸೌಂಡ್ ಕೊಟ್ಟು ಒಡೆಯಬಹುದು, ಒಡೆದ ಮೇಲೆ ಸಿಲೇನ್ ಅದನ್ನು ಬಿಡಿಯಾಗಿ ಉಳಿಸುತ್ತದೆ. ಎರಡನೆಯದನ್ನು ಮೇಲ್ಮೈ ಮಾರ್ಪಾಡಿನಿಂದ ಬಿಡಿ ಕಣಗಳಾಗಿ ಮಾಡಲು ಆಗುವುದಿಲ್ಲ, ಹೊರಗಡೆ ಮಾತ್ರ ಸಿಲೇನ್ ಹತ್ತುತ್ತದೆ, ಒಳಗಿನ ಕಣಗಳು ಬಿಡುವುದಿಲ್ಲ. ಎರಡಕ್ಕೂ ‘ಗಂಟು’ ಅಂದರೆ ಹುಡುಗರಿಗೆ ಈ ವ್ಯತ್ಯಾಸವೇ ತಿಳಿಯುವುದಿಲ್ಲ. ಒಡೆಯಬಹುದಾದ ಮೊದಲನೆಯದಕ್ಕೆ ‘ಹೆಂಟೆ’ ಅಂತ ಇಟ್ಟಿದ್ದೇನೆ, ಎರೆಹೊಲದಲ್ಲಿ ಹೆಂಟೆ ಒಡೆಯುವುದು ಇಲ್ಲಿ ಎಲ್ಲರಿಗೂ ಗೊತ್ತು. ಬೆಸೆದುಹೋದದ್ದಕ್ಕೆ ಒಂದೇ ಪದ ಸಿಕ್ಕಿಲ್ಲ. ಇಟ್ಟಿಗೆ ಗೂಡಿನವರು, ಕುಲುಮೆಯವರು ಬೆಂದು ಒಂದಾದ ಗಟ್ಟಿಗೆ ಏನಾದರೂ ಅನ್ನುತ್ತಿರಬೇಕು. ನಿಮ್ಮ ಊರ ಕಡೆ ಕೇಳಿದ್ದರೆ ದಯವಿಟ್ಟು ತಿಳಿಸಿ, ಪದ ಯಾವ ಊರಿನದು ಅಂತಲೂ ಬರೆಯಿರಿ.