1984ರ ಮನೆ, ಗೀಸರ್ ಹಾಕಿದ್ರೆ ನಲ್ಲೀಲಿ ಶಾಕ್ ಹೊಡೀತಿದೆ. ಪೂರ್ತಿ ವೈರಿಂಗ್ ಬದಲಾಯಿಸೋಕೆ ಎಷ್ಟಾಗುತ್ತೆ?

ಮೈಸೂರು_ಮನೆ:
ನಮಸ್ಕಾರ ಎಲ್ಲರಿಗೂ. ಮೈಸೂರು ಕುವೆಂಪುನಗರದಲ್ಲಿ ಅಪ್ಪ 1984ರಲ್ಲಿ ಕಟ್ಟಿಸಿದ ಮನೆ, ಎರಡು ಬೆಡ್‌ರೂಮು, ಸುಮಾರು ಸಾವಿರ ಚದರಡಿ. ವೈರಿಂಗ್ ಅವಾಗಿಂದಾನೂ ಅದೇ, ಮೈನ್ ಬೋರ್ಡಲ್ಲಿ ಇನ್ನೂ ಪಿಂಗಾಣಿ ಫ್ಯೂಸು. ಮಿಕ್ಸಿ ಹಾಕಿದ್ರೆ ಹಾಲಿನ ಲೈಟ್ ಮಂಕಾಗುತ್ತೆ, ಗೀಸರ್ ಸ್ವಿಚ್ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತೆ, ಈಗ ಹೋದ ತಿಂಗಳಿಂದ ಗೀಸರ್ ಆನ್ ಇದ್ದಾಗ ನಲ್ಲಿ ಮುಟ್ಟಿದ್ರೆ ಅಮ್ಮಂಗೆ ಜುಂ ಅಂತ ಹೊಡೀತಿದೆ. ಇಬ್ಬರು ಎಲೆಕ್ಟ್ರಿಷಿಯನ್‌ಗಳನ್ನ ಕರೆಸಿದ್ವಿ, ಒಬ್ರು 45 ಸಾವಿರ ಅಂದ್ರು, ಇನ್ನೊಬ್ರು 1 ಲಕ್ಷದ 30 ಸಾವಿರ. ಇಷ್ಟು ವ್ಯತ್ಯಾಸ ಯಾಕೆ, ಯಾವುದು ಸರಿ ಅಂತ ಗೊತ್ತಾಗ್ತಿಲ್ಲ. ಯಾರಾದ್ರೂ ಮಾಡಿಸಿದ್ರೆ ದಯವಿಟ್ಟು ಹೇಳಿ.

ಕರೆಂಟ್_ಕೆಲಸ:
ಸರ್, ದುಡ್ಡಿನ ಮಾತು ಆಮೇಲೆ, ಮೊದಲು ಆ ಗೀಸರ್ ಬಳಸೋದು ಇವತ್ತೇ ನಿಲ್ಲಿಸಿ. ಬರೀ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ ಕಿತ್ತಿಡಿ. ಒದ್ದೆ ಕೈಯಲ್ಲಿ ಹೊಡೆಯೋ ಶಾಕು ಒಂದು ದಿನ ಜುಂ ಅಂತಾನೇ ಮುಗಿಯುತ್ತೆ ಅನ್ನೋಕಾಗಲ್ಲ.

ಒಂದು ಕೇಳ್ತೀನಿ, ಇತ್ತೀಚೆಗೆ ನೀರಿನ ಪೈಪ್‌ಲೈನ್ ಬದಲಾಯಿಸಿದ್ರಾ? ಹಳೇ ಮನೆಗಳಲ್ಲಿ ಎಷ್ಟೋ ಕಡೆ ಅರ್ಥ್ ವೈರನ್ನ, ಅಂದ್ರೆ ಲೀಕಾದ ಕರೆಂಟನ್ನ ನೆಲಕ್ಕಿಳಿಸೋ ವೈರನ್ನ, ಜಿಐ (ಕಬ್ಬಿಣದ) ನೀರಿನ ಪೈಪಿಗೇ ಕಟ್ಟಿರ್ತಾರೆ. ಆ ಪೈಪ್ ತೆಗೆದು ಪಿವಿಸಿ ಹಾಕಿದ ದಿನಾನೇ ಮನೆಗೆ ಅರ್ಥಿಂಗ್ ಹೋಯ್ತು ಅಂತ ಲೆಕ್ಕ, ಯಾರಿಗೂ ಗೊತ್ತೂ ಆಗಲ್ಲ. ಆಮೇಲೆ ಯಾವತ್ತೋ ಗೀಸರ್ ಎಲಿಮೆಂಟ್ ಲೀಕ್ ಆದಾಗ ಆ ಕರೆಂಟಿಗೆ ಹೋಗೋಕೆ ಬೇರೆ ದಾರಿ ಇಲ್ಲ, ನೀರಲ್ಲಿ ಬಂದು ಮುಟ್ಟಿದವರ ಮೈಮೇಲೆ ಹೋಗುತ್ತೆ.

ರೇಟಿನ ವಿಷಯ. 45 ಸಾವಿರ ಹೇಳಿದವರು ಬಹುಶಃ ಗೋಡೆಯೊಳಗಿನ ಹಳೇ ವೈರಿಂಗ್ ಪೈಪಲ್ಲೇ ಹೊಸ ವೈರ್ ಎಳೆಯೋ ಲೆಕ್ಕ ಹಾಕಿರ್ತಾರೆ, ಇನ್ನೊಬ್ರು ಗೋಡೆ ಕಟಿಂಗ್, ಹೊಸ ಪೈಪು, ಡಿಬಿ (ಎಲ್ಲಾ ಲೈನ್ ಹೊರಡೋ ಮೈನ್ ಬೋರ್ಡು), ಅರ್ಥಿಂಗು, ಗಾರೆ ಕೆಲಸ ಎಲ್ಲಾ ಸೇರಿಸಿರ್ತಾರೆ. ಇಬ್ಬರಿಂದಲೂ ಬರೆಸ್ಕೊಳ್ಳಿ: ಎಷ್ಟು ಪಾಯಿಂಟು (ಲೈಟು, ಫ್ಯಾನು, ಪ್ಲಗ್ ಒಂದೊಂದೂ ಒಂದು ಪಾಯಿಂಟು), ಪಾಯಿಂಟಿಗೆ ಕೂಲಿ ಎಷ್ಟು, ವೈರ್ ಯಾವ ಕಂಪನಿದು ಎಷ್ಟು ಸ್ಕ್ವೇರ್ ಎಂಎಂ (ವೈರಿನ ದಪ್ಪ), ಸಾಮಾನು ಯಾರದ್ದು, ಗೋಡೆ ಮುಚ್ಚೋದು ಯಾರು. ಇದಿಲ್ಲದೆ ಎರಡು ಕೊಟೇಶನ್ ಹೋಲಿಸೋದ್ರಲ್ಲಿ ಅರ್ಥ ಇಲ್ಲ.

ದಾವಣಗೆರೆ_ಅಕ್ಕ:
ನಾವು ಹೋದ ವರ್ಷ ಮಾಡಿಸಿದ್ವಿ, ಹೆಚ್ಚುಕಮ್ಮಿ ನಿಮ್ಮ ಮನೆ ಅಷ್ಟೇ ಅಳತೆ. ಸಾಮಾನಿಗೆ 62 ಸಾವಿರ, ಕೂಲಿ 38, ಆಮೇಲೆ ಗಾರೆ ಮತ್ತೆ ಬಣ್ಣಕ್ಕೆ 27 ಸಾವಿರ ಆತು. ಈ ಕೊನೇದನ್ನ ಯಾರೂ ಮೊದಲೇ ಹೇಳಲ್ಲ ನೋಡ್ರಿ, ಗೋಡೆ ತುಂಬಾ ಕೊರೆದು ಹೋದ ಮೇಲೆ ಪಟ್ಟಿ ಪಟ್ಟಿ ಕಾಣ್ತದೆ, ಆ ಜಾಗಕ್ಕಷ್ಟೇ ಬಣ್ಣ ಹೊಡೆದ್ರೆ ಹೊಂದಲ್ಲ, ಪೂರ್ತಿ ರೂಮಿಗೇ ಹೊಡೆಸಬೇಕಾತು. ಧೂಳಂತೂ ಹೇಳಬಾರದು, ಅಡುಗೆ ಪಾತ್ರೆ ಎಲ್ಲಾ ಮೊದಲೇ ಗಂಟು ಕಟ್ಟಿಡ್ರಿ, ಅಮ್ಮನ್ನ ಅಷ್ಟು ದಿನ ಬೇರೆ ಕಡೆ ಕಳಿಸೋದು ಒಳ್ಳೇದು.

ಮೈಸೂರು_ಮನೆ:
ಹೌದು ಸರ್! ಪೈಪ್‌ಲೈನ್ ಮೂರು ವರ್ಷದ ಹಿಂದೆ ಪೂರ್ತಿ ಬದಲಾಯಿಸಿದ್ವಿ. ಗೀಸರ್ ಪ್ಲಗ್ ಕಿತ್ತಿಟ್ಟೆ. ಅಕ್ಕ, ಲೆಕ್ಕ ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಒಂದೇ ಸಲಕ್ಕೆ ಅಷ್ಟು ದುಡ್ಡು ಕಷ್ಟ, ಹಂತ ಹಂತವಾಗಿ ಮಾಡಿಸಬಹುದಾ?

ಕರೆಂಟ್_ಕೆಲಸ:
ಖಂಡಿತ ಮಾಡಿಸಬಹುದು, ಆದ್ರೆ ಯಾವುದು ಮೊದಲು ಅನ್ನೋದು ಮುಖ್ಯ. ಹೊಸ ಅರ್ಥಿಂಗ್ ಗುಂಡಿ, ಹೊಸ ಡಿಬಿ, ಅದರಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಾನಾಗೇ ಲೈನ್ ಕಟ್ ಮಾಡೋ ಸ್ವಿಚ್ಚು), ಸರ್ಕ್ಯೂಟಿಗೊಂದು ಎಂಸಿಬಿ (ಲೋಡ್ ಜಾಸ್ತಿಯಾದ್ರೆ ಕಟ್ ಮಾಡೋ ಸ್ವಿಚ್ಚು). ಇದಿಷ್ಟೂ ಗೋಡೆ ಹೆಚ್ಚು ಒಡೆಯದೆ ಆಗುತ್ತೆ. ಜೊತೆಗೇ ಗೀಸರು, ಅಡುಗೆಮನೆ ಲೈನ್ ಹೊಸದಾಗಿ ಎಳೆಸಿ, ಗೀಸರಿಗೆ 4 ಸ್ಕ್ವೇರ್ ಎಂಎಂ ತಾಮ್ರದ ವೈರು ಬೇರೆಯಾಗಿ ಡಿಬಿಯಿಂದಲೇ ಬರಲಿ. ಬೆಡ್‌ರೂಮಿನ ಲೈಟು ಫ್ಯಾನು ಮುಂದಿನ ವರ್ಷ ನೋಡಿದ್ರಾಯ್ತು. ಆದ್ರೆ ಅದಕ್ಕೂ ಮೊದಲು ಮೆಗ್ಗರ್ ಹಾಕಿಸಿ, ಅಂದ್ರೆ 500 ವೋಲ್ಟ್ ಕೊಟ್ಟು ವೈರಿನ ಇನ್ಸುಲೇಷನ್ (ಸಿಪ್ಪೆ) ಎಷ್ಟು ಗಟ್ಟಿ ಇದೆ ಅಂತ ಅಳೆಯೋದು. ಒಂದು ಮೆಗಾಓಮ್‌ಗಿಂತ ಕಮ್ಮಿ ಬಂದ ಲೈನನ್ನ ಮುಂದಿನ ವರ್ಷಕ್ಕೆ ತಳ್ಳಬೇಡಿ.

ಇನ್ನೊಂದು, ಹಳೇ ವೈರಿಂಗಿಗೆ ಆರ್‌ಸಿಸಿಬಿ ಹಾಕಿದ ತಕ್ಷಣ ಟ್ರಿಪ್ ಆಗೋಕೆ ಶುರುವಾಗಬಹುದು. ಅವಾಗ ಕೆಲವರು "ಇದು ನಿಮ್ಮ ಮನೆಗೆ ಆಗಲ್ಲ, ಬೈಪಾಸ್ ಮಾಡ್ತೀನಿ" ಅಂತಾರೆ. ಒಪ್ಪಲೇಬೇಡಿ. ಎಲ್ಲೋ ಲೀಕ್ ಇದೆ ಅಥವಾ ಎರಡು ಸರ್ಕ್ಯೂಟಿನ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ವೈರು) ಕಲಸಿಕೊಂಡಿದೆ, ಅದನ್ನ ಹುಡುಕೋದೇ ಎಲೆಕ್ಟ್ರಿಷಿಯನ್ ಕೆಲಸ.

ಸಾಗರದ_ಹೆಂಚಿನಮನೆ:
ಕೇಳ್ತೀನಿ ಅಂತ ಬೇಜಾರಾಗ್ಬೇಡಿ, ನಮ್ಮದು ಮರದ ಪಟ್ಟಿ ಮೇಲೆ ಕ್ಲಿಪ್ ಹೊಡೆದ ವೈರಿಂಗು, ಮಣ್ಣಿನ ಗೋಡೆ. ಕೊರೆಯೋಕೆ ಆಗಲ್ಲ ಅಂತಾರೆ. ಮುಟ್ಟಿದ್ರೆ ವೈರಿನ ಸಿಪ್ಪೆ ಪುಡಿಪುಡಿ ಉದುರುತ್ತೆ, ಮಳೆಗಾಲದಲ್ಲಿ ಹೆದರಿಕೆ.

ಕರೆಂಟ್_ಕೆಲಸ:
ನಿಮ್ಮದಕ್ಕೆ ಕೊರೆಯೋದೇ ಬೇಡ. ಪಿವಿಸಿ ಕೇಸಿಂಗ್ ಪಟ್ಟಿ ಗೋಡೆ ಮೇಲೇ ಓಡಿಸಿ, ಮಾಡಿನ ಕೆಳಗೆ ಪೈಪಲ್ಲಿ ತಗೊಂಡು ಹೋಗಿ. ಗೋಡೆ ಕಟಿಂಗು, ಗಾರೆ ಖರ್ಚು ಉಳಿಯುತ್ತೆ, ಹೆಂಚು ಸೋರಿದ್ರೂ ವೈರ್ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತೆ. ಸಿಪ್ಪೆ ಉದುರ್ತಿದೆ ಅಂದ್ರೆ ಮಾತ್ರ ಒಂದೊಂದೇ ರೂಮು ಅಂತ ಕಾಯಬೇಡಿ, ಮಳೆಗಾಲಕ್ಕೆ ಮುಂಚೆ ಪೂರ್ತಿ ತೆಗೆಸಿಬಿಡಿ. ಲೈಸೆನ್ಸ್ ಇರೋ ಕಾಂಟ್ರಾಕ್ಟರ್ ಹತ್ರಾನೇ ಮಾಡಿಸಿ, ಮೀಟರ್ ಸೀಲ್ ಮಾತ್ರ ಯಾರೂ ಮುಟ್ಟೋ ಹಂಗಿಲ್ಲ, ಅದಕ್ಕೆ ನಿಮ್ಮ ಕಡೆ ಕರೆಂಟ್ ಕೊಡೋ ಕಂಪನಿ ಮೆಸ್ಕಾಂನವರೇ ಬರಬೇಕು.